ಕೊಳ್ಳುವವರ ಪ್ರಶ್ನೆಯಿಂದ ಹುಟ್ಟುವ ತಲೆಬರಹ

ಮೈಸೂರು ಮತ್ತು ಮಂಡ್ಯದ ಸಣ್ಣ ವ್ಯಾಪಾರಿಗಳಿಗೆ ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ಬರೆದುಕೊಡುವುದು ನನ್ನ ವೃತ್ತಿ. ಫೇಸ್‌ಬುಕ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಚಿತ್ರಕ್ಕಿಂತ ಮೇಲೆ ಮುಖ್ಯ ಪಠ್ಯ, ಚಿತ್ರದ ಕೆಳಗೆ ದಪ್ಪ ಅಕ್ಷರಗಳ ತಲೆಬರಹ, ಅದರ ಅಡಿಯಲ್ಲಿ ಸಣ್ಣದೊಂದು ವಿವರಣೆ ಇರುತ್ತವೆ. ವಿವರಣೆ ಅನೇಕ ಕಡೆ ಕಾಣಿಸುವುದೇ ಇಲ್ಲ. ಮುಖ್ಯ ಪಠ್ಯ ಕೆಲವು ಸಾಲುಗಳಾದ ಮೇಲೆ ಮಡಚಿಕೊಳ್ಳುತ್ತದೆ. ಹೀಗಾಗಿ ತಲೆಬರಹ ಮತ್ತು ಮುಖ್ಯ ಪಠ್ಯದ ಮೊದಲ ಸಾಲಿಗೆ ನಾನು ಕೊಡುವಷ್ಟು ಸಮಯವನ್ನು ಉಳಿದ ಯಾವ ಭಾಗಕ್ಕೂ ಕೊಡುವುದಿಲ್ಲ.

ಹೊಸ ಕೆಲಸ ಒಪ್ಪಿಕೊಂಡಾಗ, ವ್ಯಾಪಾರಿಯ ವಾಟ್ಸ್‌ಆ್ಯಪ್‌ಗೆ ಕೊಳ್ಳುವವರು ಕಳುಹಿಸಿರುವ ಪ್ರಶ್ನೆಗಳನ್ನು ಮೊದಲು ಕೇಳಿ ಪಡೆಯುತ್ತೇನೆ. ಹೆಸರು, ಫೋನ್ ಸಂಖ್ಯೆಗಳನ್ನು ಬಿಟ್ಟು ಪ್ರಶ್ನೆಗಳನ್ನಷ್ಟೇ ಅವರದೇ ಮಾತಿನಲ್ಲಿ ಬರೆದುಕೊಂಡರೆ, ತಲೆಬರಹ ಯಾವುದಕ್ಕೆ ಉತ್ತರ ಹೇಳಬೇಕು ಎಂಬುದು ಬಹಳ ಮಟ್ಟಿಗೆ ತಿಳಿಯುತ್ತದೆ. ಸೀರೆ ಅಂಗಡಿಯೊಂದಕ್ಕೆ ಬಂದ ಸಂದೇಶಗಳಲ್ಲಿ ಪದೇ ಪದೇ ಕಂಡದ್ದು, ಫೋಟೊದಲ್ಲಿ ಕಾಣುವ ಬಣ್ಣವೇ ಕೈಗೆ ಬರುತ್ತದೆಯೇ ಎಂಬ ಅನುಮಾನ. "ಮನಸೆಳೆಯುವ ರೇಷ್ಮೆ ಸೀರೆಗಳ ಭವ್ಯ ಸಂಗ್ರಹ" ಎಂಬ ಸಾಲಿನಿಂದ ಆ ಅನುಮಾನ ತೀರುವುದಿಲ್ಲ. "ವಿಡಿಯೊ ಕರೆಯಲ್ಲಿ ನೋಡಿ, ಆಮೇಲೆ ಕೊಳ್ಳಿ" ಎಂದು ಬರೆದೆ. ಅಂಗಡಿಯವರು ಆ ಸೌಲಭ್ಯವನ್ನು ಮೊದಲಿನಿಂದಲೂ ಕೊಡುತ್ತಿದ್ದರು, ಆದರೆ ಅದನ್ನು ಹೇಳಿಕೊಳ್ಳಬೇಕಾದ ಸಂಗತಿಯೆಂದು ಎಣಿಸಿರಲಿಲ್ಲ. ಮೈಸೂರು ರೇಷ್ಮೆ ಎಂಬ ಹೆಸರಿನ ಭೌಗೋಳಿಕ ಸೂಚಿಕೆಯ (ಒಂದು ಪ್ರದೇಶದ ವಸ್ತುವಿಗೆ ಅದರ ಹೆಸರನ್ನು ಕಾಯ್ದಿಡುವ ಕಾನೂನಿನ ಗುರುತು) ನೋಂದಣಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಆದ್ದರಿಂದ ಬೇರೆಡೆ ನೇಯ್ದ ಕ್ರೇಪ್ ಸೀರೆಗೆ ಆ ಹೆಸರನ್ನು ತಲೆಬರಹದಲ್ಲಿ ಹಾಕಲು ಯಾರು ಕೇಳಿದರೂ ನಾನು ಒಪ್ಪುವುದಿಲ್ಲ.

ಮಂಡ್ಯದ ಬೆಲ್ಲದ ಜಾಹೀರಾತು ಇದಕ್ಕಿಂತ ಹೆಚ್ಚಿನ ವಿಚಾರವನ್ನು ಬೇಡಿತು. ಆಲೆಮನೆ ನಡೆಸುವವರೊಬ್ಬರು, "ಸರ್, ಬೆಲ್ಲ ಕಪ್ಪಗಿದೆ, ಹಳೇದಾ ಅಂತ ಕೇಳ್ತಾರೆ. ಏನಂತ ಉತ್ತರ ಹೇಳೋದು?" ಎಂದರು. ಬೆಲ್ಲ ತಿಳಿ ಹಳದಿಯಾಗಿ ಕಾಣಲೆಂದು ಕೆಲವರು ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕವನ್ನು ಬಳಸುತ್ತಾರೆ. ಅದನ್ನು ಹಾಕದ ಬೆಲ್ಲ ಸಹಜವಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅವರು ತಾವೇ ಬರೆದು ತಂದಿದ್ದ ಸಾಲು ಹೀಗಿತ್ತು: "ಮಂಡ್ಯದ ಆಲೆಮನೆಯಲ್ಲಿ ಯಾವುದೇ ರಾಸಾಯನಿಕ ಬೆರೆಸದೆ ತಯಾರಿಸಿದ ಶುದ್ಧ ಬೆಲ್ಲವನ್ನು ಮನೆಗೆ ತಲುಪಿಸುತ್ತೇವೆ." ವ್ಯಾಕರಣದ ದೃಷ್ಟಿಯಿಂದ ಸಾಲಿನಲ್ಲಿ ದೋಷವಿರಲಿಲ್ಲ. ಆದರೆ ಫೋನಿನಲ್ಲಿ ತೆರೆದು ನೋಡಿದಾಗ "ಮಂಡ್ಯದ ಆಲೆಮನೆಯಲ್ಲಿ ಯಾವುದೇ ರಾಸಾಯನಿಕ…" ಎಂಬಲ್ಲಿಗೆ ತುಂಡಾಗಿತ್ತು.

ಕನ್ನಡದಲ್ಲಿ ತಲೆಬರಹ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲವೆನ್ನುವ ಮಾತೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟಿ ನಿಲ್ಲುತ್ತವೆ. ಪರದೆ ಸಾಲನ್ನು ಕತ್ತರಿಸಿದರೆ ಮುಖ್ಯವಾದ ಭಾಗವೇ ಕಾಣದೆ ಹೋಗುತ್ತದೆ. ಆದ್ದರಿಂದ ನಾನು ವಸ್ತುವಿನ ಹೆಸರನ್ನು ಮೊದಲ ಎರಡು ಮೂರು ಪದಗಳೊಳಗೆ ತರುತ್ತೇನೆ, ಒಂದು ಉದ್ದ ವಾಕ್ಯದ ಬದಲು ಎರಡು ಪುಟ್ಟ ತುಣುಕುಗಳನ್ನು ಬಳಸುತ್ತೇನೆ, ಕ್ರಿಯಾಪದ ಇಲ್ಲದೆ ಅರ್ಥವಾಗುವಂತಿದ್ದರೆ ಅದನ್ನು ಬಿಟ್ಟುಬಿಡುತ್ತೇನೆ. ಅಕ್ಷರಗಳ ಲೆಕ್ಕವನ್ನೂ ಇಂಗ್ಲಿಷಿನಂತೆ ಹಿಡಿಯಲಾಗದು. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಒಂದು ತಲೆಬರಹಕ್ಕೆ 30 ಅಕ್ಷರಗಳ ಮಿತಿ ಇದೆ. ಆದರೆ ನಾವು ಮೂರಕ್ಷರವೆಂದು ಓದುವ "ಮೈಸೂರು" ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪದ್ಧತಿಯಲ್ಲಿ 6 ಸಂಕೇತಗಳಾಗುತ್ತದೆ, ಒಂದೇ ಅಕ್ಷರವಾದ "ಸ್ತ್ರೀ" ಕೂಡ 6 ಸಂಕೇತಗಳಾಗುತ್ತದೆ. ಎಣಿಸುವುದಕ್ಕಿಂತ, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಟ್ಟ ಫೋನಿನಲ್ಲಿ ನೋಡುವುದೇ ನನಗೆ ನಂಬಿಕೆಯ ಪರೀಕ್ಷೆ, ಏಕೆಂದರೆ ಬೆಲ್ಲ ಕೊಳ್ಳುವ ಹಿರಿಯರು ಫೋನನ್ನು ಹಾಗೆಯೇ ಇಟ್ಟುಕೊಂಡಿರುತ್ತಾರೆ.

ಉದ್ದದ ಪ್ರಶ್ನೆ ಹೀಗೆ ಬಗೆಹರಿದರೂ ನಿಜಾಂಶದ ಪ್ರಶ್ನೆ ಉಳಿದಿತ್ತು. ಆ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಯ ಲೋಳೆ ಹಾಕುತ್ತಿದ್ದರು, ಜೊತೆಗೆ ಹುಳಿ ಅಂಶ ತಗ್ಗಲೆಂದು ಸ್ವಲ್ಪ ಸುಣ್ಣವನ್ನೂ ಬಳಸುತ್ತಿದ್ದರು. ಹಾಗಿರುವಾಗ "ಯಾವುದೇ ರಾಸಾಯನಿಕ ಇಲ್ಲ" ಎಂಬ ಮಾತು ನಿಲ್ಲುವುದಿಲ್ಲ. "ಕಂದು ಬೆಲ್ಲ: ಬಣ್ಣಕ್ಕೆ ಏನೂ ಹಾಕಿಲ್ಲ" ಎಂದು ಬರೆದೆವು. ಇದು ಹೆಚ್ಚು ನಿಖರವಾದ ಮಾತು, ಬಣ್ಣದ ಬಗ್ಗೆ ಕೇಳುತ್ತಿದ್ದವರಿಗೆ ನೇರ ಉತ್ತರವೂ ಹೌದು. ಬೆಂಡೆ ಮತ್ತು ಸುಣ್ಣದ ವಿಷಯವನ್ನು ಮುಖ್ಯ ಪಠ್ಯದಲ್ಲಿ ತೆರೆದೇ ಹೇಳಿದೆವು. "ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು" ಎಂದು ಸೇರಿಸಬೇಕೆಂಬ ಸಲಹೆಯೂ ಬಂದಿತ್ತು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ ಆಗಿರುವುದರಿಂದ ಅದು ಸುಳ್ಳು, ಅಪಾಯಕಾರಿ ಸುಳ್ಳು. ಅಲ್ಲದೆ "ನಿಮಗೆ ಮಧುಮೇಹವಿದೆಯೇ?" ಎಂದು ಓದುಗರ ಆರೋಗ್ಯವನ್ನು ಬೊಟ್ಟುಮಾಡಿ ಕೇಳುವ ಜಾಹೀರಾತನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಸಂಸ್ಥೆಯ ನಿಯಮಗಳೇ ಒಪ್ಪುವುದಿಲ್ಲ.

ಜಾಹೀರಾತನ್ನು ಯಾರು ನೋಡುತ್ತಾರೆ ಎಂಬುದನ್ನು ಗಮನಿಸಿ ಊರಿನ ಹೆಸರನ್ನು ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಕಾಣುವ ಜಾಹೀರಾತಿಗೆ "ಮಂಡ್ಯದ" ಎಂಬ ಮಾತು ಬೆಲೆ ತರುತ್ತದೆ; ಮಂಡ್ಯದವರಿಗೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಮೈಸೂರಿನೊಳಗಿನ ಅಂಗಡಿಗಾದರೆ ಸರಸ್ವತಿಪುರಂ, ಕುವೆಂಪುನಗರ ಎಂದು ಬಡಾವಣೆಯನ್ನೇ ಹೇಳುತ್ತೇನೆ.

ಪರೀಕ್ಷಿಸುವಾಗ ಚಿತ್ರ, ಹಣ, ನೋಡುವವರ ಗುಂಪು ಎಲ್ಲವನ್ನೂ ಒಂದೇ ರೀತಿ ಇಟ್ಟು ತಲೆಬರಹವನ್ನು ಮಾತ್ರ ಬದಲಿಸುತ್ತೇನೆ. ಕುತೂಹಲ ಕೆರಳಿಸುವ ಸಾಲುಗಳಿಗೆ ಕ್ಲಿಕ್ ಹೆಚ್ಚು ಬರುತ್ತದೆ, ಆದರೆ ಹಾಗೆ ಬಂದವರಲ್ಲಿ ಬೆಲೆ ಕೇಳುವವರು ಕಡಿಮೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ವ್ಯಾಪಾರಿಯ ಹಣ ಕ್ಲಿಕ್ಕಿಗೂ ಖರ್ಚಾಗುತ್ತದೆ. ಆದ್ದರಿಂದ ಬಂದ ವಿಚಾರಣೆ ಮತ್ತು ಆರ್ಡರ್‌ಗಳನ್ನು ನೋಡಿಯೇ ಯಾವ ಸಾಲನ್ನು ಉಳಿಸಬೇಕೆಂದು ನಿರ್ಧರಿಸುತ್ತೇನೆ.

ದಸರಾ ಮತ್ತು ಆಷಾಢದ ರಿಯಾಯಿತಿಗಳ ಸಮಯದಲ್ಲಿ ಇನ್ನೊಂದು ಎಚ್ಚರ ಬೇಕು. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ, ಸಾಕಷ್ಟು ದಾಸ್ತಾನು ಇಲ್ಲದೆ ಕಡಿಮೆ ಬೆಲೆ ತೋರಿಸಿ ಕರೆಯುವಂತಿಲ್ಲ, ಉಚಿತ ಎಂಬ ಮಾತಿಗೂ ಷರತ್ತುಗಳಿವೆ. ಅದಕ್ಕಾಗಿ "50% ರಿಯಾಯಿತಿ" ಎಂದು ಬರೆಯುವ ಮೊದಲು ಆ ಬೆಲೆಗೆ ಎಷ್ಟು ಸೀರೆಗಳಿವೆ, ಯಾವ ದಿನದವರೆಗೆ ಎಂಬುದನ್ನು ಅಂಗಡಿಯವರಿಂದ ಬರಹದಲ್ಲಿ ಪಡೆಯುತ್ತೇನೆ, ಕೊನೆಯ ದಿನಾಂಕವನ್ನು ತಲೆಬರಹದಲ್ಲಿಯೇ ಹಾಕುತ್ತೇನೆ, ದಾಸ್ತಾನು ಮುಗಿದ ದಿನವೇ ಜಾಹೀರಾತನ್ನು ನಿಲ್ಲಿಸುತ್ತೇನೆ.