ಮಳೆಗಾಲ ಚಿಯಾಂಗ್ ಮಾಯ್‌ನಲ್ಲಿ, ಕಾಫಿ ಕೊಯ್ಲು ನಾಪೋಕ್ಲಿನಲ್ಲಿ: ನಮ್ಮ ಎರಡು ಮನೆಗಳ ಲೆಕ್ಕ

ನಿವೃತ್ತಿಯ ನಂತರ ಹೊರದೇಶದಲ್ಲಿರಲು ತಿಂಗಳಿಗೆ ಎಷ್ಟು ಬೇಕು ಎಂದು ಕೇಳಿದವರಿಗೆಲ್ಲ ನಾನು ಒಂದು ಮಾತು ಕೇಳುತ್ತೇನೆ: ಊರಿನ ಖರ್ಚನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಮನೆಗೆ ಬೀಗ ಹಾಕಿ ಹೋಗಬಹುದು. ತೋಟಕ್ಕೆ ಬೀಗ ಹಾಕಲು ಬರುವುದಿಲ್ಲ. ನಾವು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿದ್ದರೂ ಇಲ್ಲಿ, ಕೊಡಗಿನ ನಾಪೋಕ್ಲಿನಲ್ಲಿ, ತೋಟ ನೋಡಿಕೊಳ್ಳುವ ರೈಟರ್‌ಗೆ ಸಂಬಳ ಹೋಗಬೇಕು, ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು, ಕಳೆ ತೆಗೆಸಬೇಕು, ಮಳೆ ಹಿಡಿಯುವ ಮೊದಲು ಹೆಂಚು ಸರಿಮಾಡಿಸಬೇಕು. ನೆಂಟರ ಮದುವೆಗಳಂತೂ ನಾವಿಲ್ಲವೆಂದು ನಿಲ್ಲುವುದಿಲ್ಲ.

ನಾನು ಸೇನೆಯಲ್ಲಿದ್ದವನು, ಹೆಂಡತಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ಜೂನ್ ಬಂತೆಂದರೆ ಅವಳಿಗೆ ಉಬ್ಬಸ. ಗೋಡೆಗೆ ಬೂಷ್ಟು, ಒಣಗದ ಬಟ್ಟೆ, ದಿನಗಟ್ಟಲೆ ಇಲ್ಲದ ಕರೆಂಟು. ವೈದ್ಯರು ತೇವದಿಂದ ದೂರವಿರಿ ಎಂದಾಗ ಈ ಯೋಚನೆ ಶುರುವಾಯಿತು. ಚಿಯಾಂಗ್ ಮಾಯ್‌ನಲ್ಲೂ ಅದೇ ತಿಂಗಳುಗಳಲ್ಲಿ ಮಳೆಯಿದೆ, ಆದರೆ ಮಡಿಕೇರಿಯ ಮಳೆಯ ಅರ್ಧಕ್ಕಿಂತಲೂ ಕಡಿಮೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಕಾಡು, ಹೊಲ ಸುಡುವ ಹೊಗೆ ಕವಿದಿರುತ್ತದೆ, ಉಬ್ಬಸದವರಿಗೆ ಆಗದು. ಆ ಹೊತ್ತಿಗೆ ನಾವು ಹೇಗೂ ಇಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಮುಗಿಸಿ, ಹೂವಿಗೆ ಸ್ಪ್ರಿಂಕ್ಲರ್ ಹಾಕಿಸುತ್ತಿರುತ್ತೇವೆ. ಹೀಗಾಗಿ ಮೇ ಮೊದಲಿಗೆ ಹೊರಟು, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣದ ಮೊದಲು ವಾಪಸು.

ಈ ತಾರೀಕುಗಳ ಹಿಂದೆ ದುಡ್ಡಿನ ಲೆಕ್ಕವೂ ಇದೆ. ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಇದ್ದವರನ್ನು ಥಾಯ್ಲೆಂಡ್ ತನ್ನ ತೆರಿಗೆ ನಿವಾಸಿ ಎನ್ನುತ್ತದೆ. 2024ರಿಂದ ಅಂಥವರು ಗಳಿಸಿದ ಹೊರದೇಶದ ಆದಾಯವನ್ನು ಒಳಗೆ ತಂದರೆ ಅದೂ ತೆರಿಗೆಗೆ ಒಳಪಡುತ್ತದೆ. ಸಂಕ್ರಮಣಕ್ಕೆ ಬಂದರೆ ನಾವು ಆ ಗಡಿಯೊಳಗೇ ಇರುತ್ತೇವೆ, ಭಾರತದ ನಿವಾಸಿಗಳಾಗಿಯೇ ಉಳಿಯುತ್ತೇವೆ. ಪಿಂಚಣಿಗಾಗಿ ನವೆಂಬರ್‌ನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರವೂ ಇಲ್ಲೇ ಆಗುತ್ತದೆ.

ಅಲ್ಲಿನ ಖರ್ಚನ್ನು ನಾನು ಥಾಯ್ ಹಣವಾದ ಬಾತ್‌ನಲ್ಲೇ ಬರೆಯುತ್ತೇನೆ. ಒಂದು ಮಲಗುವ ಕೋಣೆಯ ಮನೆಗೆ ಬಾಡಿಗೆ 12,000, ಊಟ ತಿಂಡಿಗೆ 14,000, ಉಳಿದದ್ದು ಕರೆಂಟು, ಓಡಾಟ, ಔಷಧಿ ಎಲ್ಲ ಸೇರಿ ತಿಂಗಳಿಗೆ 38,000 ಬಾತ್. ಬಾಡಿಗೆ ಕರಾರಿನಲ್ಲಿ ಕರೆಂಟಿನ ಸಾಲನ್ನು ಬೆರಳಿಟ್ಟು ಓದಿ. ಸರ್ಕಾರಿ ದರ ಯೂನಿಟ್‌ಗೆ ನಾಲ್ಕೈದು ಬಾತ್ ಇದ್ದರೆ ಕೆಲವು ಮಾಲೀಕರು ಏಳೆಂಟು ಹಾಕುತ್ತಾರೆ. ಎಸಿ ಓಡಿಸುವ ಮೇ ತಿಂಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹಂದಿ ಮಾಂಸ, ಅಕ್ಕಿ, ತೆಂಗು, ಸೊಪ್ಪು ಸಂತೆಯಲ್ಲಿ ಧಾರಾಳ, ನಮ್ಮ ನಾಲಿಗೆಗೆ ಕಷ್ಟವಿಲ್ಲ. ಹಂದಿ ಸಾರಿಗೆ ಹಾಕುವ ನಮ್ಮ ಕಾಚಂಪುಳಿ ಎಂಬ ಹುಳಿ ಮತ್ತು ನಮ್ಮದೇ ಕಾಫಿಪುಡಿ ಮಾತ್ರ ಪೆಟ್ಟಿಗೆಯಲ್ಲಿ ಹೋಗುತ್ತವೆ. ಉದ್ದಿನಬೇಳೆ, ಮಸಾಲೆಗೆ ಇಂಡಿಯನ್ ಅಂಗಡಿಯಲ್ಲಿ ಕೊಡುವ ಬೆಲೆ ನೋಡಿದರೆ ಅವನ್ನೂ ಒಯ್ಯುವುದೇ ಮೇಲು.

ಈ 38,000 ಬಾತ್ ರೂಪಾಯಿಯಲ್ಲಿ ಎಷ್ಟು? 2012ರ ಸುಮಾರಿಗೆ ಒಂದು ಬಾತ್‌ಗೆ ಒಂದೂಮುಕ್ಕಾಲು ರೂಪಾಯಿಯ ಆಸುಪಾಸು. ಆ ಲೆಕ್ಕಕ್ಕೆ ಅರವತ್ತಾರು ಸಾವಿರದಷ್ಟು. 2025ರಲ್ಲಿ ಬಾತ್ ಎರಡೂವರೆ ರೂಪಾಯಿ ದಾಟಿದ ಮೇಲೆ ಅದೇ ಬದುಕಿಗೆ ಒಂದು ಲಕ್ಷ. ಅಕ್ಕಿ, ಬಾಡಿಗೆ ಏನೂ ಏರದಿದ್ದರೂ ಇಷ್ಟು ಏರುತ್ತದೆ. ಅದಕ್ಕೇ ನಾನು ಬಾತ್‌ಗೆ ಮೂರು ರೂಪಾಯಿಯೆಂದೇ ಹಿಡಿದು ಯೋಜನೆ ಮಾಡುವುದು. ಆಗಲೂ ನಮ್ಮಿಬ್ಬರ ಪಿಂಚಣಿ ಮತ್ತು ಊರಲ್ಲಿದ್ದಾಗ ಮಾಡಿದ ಉಳಿತಾಯದಲ್ಲಿ ಸರಿಹೋಗಬೇಕು. ಕಾಫಿ ದುಡ್ಡನ್ನು ತಿಂಗಳ ಖರ್ಚಿಗೆ ನಂಬಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2025ರ ಆರಂಭದಲ್ಲಿ ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತ್ತು, ನಿಜ. ಅದಕ್ಕೆ ಕೆಲವೇ ವರ್ಷ ಮೊದಲು ಅದರ ಅರ್ಧವೂ ಇರಲಿಲ್ಲ. ಕಾಫಿಯ ದುಡ್ಡು ಮೊದಲು ತೋಟಕ್ಕೆ, ಮಿಕ್ಕದ್ದು ಕಾಯಿಲೆ ಕಸಾಲೆಗೆ.

ಯಾರೂ ಲೆಕ್ಕ ಹಾಕದ ಖರ್ಚೆಂದರೆ ವೀಸಾ ಠೇವಣಿ. ಐವತ್ತು ದಾಟಿದವರ ನಿವೃತ್ತಿ ಅನುಮತಿಗೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡುವ ದಾರಿಯನ್ನು ನಾವು ಹಿಡಿದೆವು. ಅರ್ಜಿಗೆ ಎರಡು ತಿಂಗಳ ಮೊದಲಿನಿಂದ, ಆದ ಮೇಲೆ ಮೂರು ತಿಂಗಳವರೆಗೆ ಪೂರ್ತಿ ಇರಬೇಕು, ಉಳಿದ ಸಮಯ 4 ಲಕ್ಷಕ್ಕಿಂತ ಇಳಿಯಬಾರದು. 8 ಲಕ್ಷ ಬಾತ್ ಎಂದರೆ, ಎರಡೂವರೆ ರೂಪಾಯಿಯ ಲೆಕ್ಕಕ್ಕೆ, ಸುಮಾರು 20 ಲಕ್ಷ ರೂಪಾಯಿ. ಇಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8.2 ಶೇಕಡಾ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 1.64 ಲಕ್ಷ ಬರುತ್ತಿತ್ತು, ಅಲ್ಲಿ ಸಿಗುವ ಬಡ್ಡಿ ತೀರಾ ಕಡಿಮೆ. ಈ ನಷ್ಟವನ್ನು ನಾನು ಖರ್ಚಿನ ಸಾಲಿನಲ್ಲೇ ಬರೆಯುತ್ತೇನೆ. ಜೊತೆಗೆ ವರ್ಷದ ಅನುಮತಿಗೆ 1,900 ಬಾತ್, ಊರಿಗೆ ಬಂದು ಹೋಗಲು ಮರುಪ್ರವೇಶ ಪರವಾನಗಿ, ಒಂದು ಸಲಕ್ಕೆ 1,000. ಅದನ್ನು ಮಾಡಿಸದೆ ದೇಶ ಬಿಟ್ಟರೆ ಅನುಮತಿಯೇ ರದ್ದು.

ಠೇವಣಿಯ ಹಣವನ್ನು ಮಾರ್ಚ್‌ನಲ್ಲಿ ಒಂದು ಪಾಲು, ಏಪ್ರಿಲ್‌ನಲ್ಲಿ ಒಂದು ಪಾಲು ಕಳಿಸಿದೆ. ಆರ್ಥಿಕ ವರ್ಷಕ್ಕೆ ಒಬ್ಬರು ಕಳಿಸುವ ಹಣ ಮಿತಿ ದಾಟಿದರೆ, ದಾಟಿದ ಭಾಗಕ್ಕೆ ಬ್ಯಾಂಕು 20 ಶೇಕಡಾ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಅಷ್ಟು ತಿಂಗಳು ದುಡ್ಡು ಕೈಯಲ್ಲಿರುವುದಿಲ್ಲ. ಕಳಿಸುವಾಗ ಶುಲ್ಕ ಎಷ್ಟೆಂದು ಮಾತ್ರ ಕೇಳಬೇಡಿ, ಒಂದು ಲಕ್ಷ ಕೊಟ್ಟರೆ ಆ ಕಡೆ ಕೈಗೆ ಎಷ್ಟು ಬಾತ್ ಬೀಳುತ್ತದೆ ಎಂದು ಕೇಳಿ. ಬ್ಯಾಂಕುಗಳ ನಡುವಿನ ನಿಜವಾದ ವ್ಯತ್ಯಾಸ ಅಲ್ಲಿದೆ.

ಆಸ್ಪತ್ರೆಯ ವಿಷಯದಲ್ಲಿ ನಾನು ಬಲು ಎಚ್ಚರ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡು ಗಡಿಯಾಚೆ ನಡೆಯದು. ಇಲ್ಲಿಂದ ಮಾಡಿಸುವ ಪ್ರವಾಸ ವಿಮೆ ಹಳೆಯ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ವೀಸಾ ಠೇವಣಿ ಇದೆಯಲ್ಲ ಎಂದು ಧೈರ್ಯ ಮಾಡುವ ಹಾಗೂ ಇಲ್ಲ, ಅದನ್ನು ಮುಟ್ಟಿದರೆ ಅನುಮತಿಗೆ ಕುತ್ತು. ಹಾಗಾಗಿ 3 ಲಕ್ಷ ಬಾತ್ ಬೇರೆಯೇ ಖಾತೆಯಲ್ಲಿಟ್ಟಿದ್ದೇವೆ, ಇಬ್ಬರೂ ತಕ್ಷಣ ಬೆಂಗಳೂರಿಗೆ ಹಾರಲು ಬೇಕಾದ ಟಿಕೆಟ್ ದುಡ್ಡೂ ಅದರಲ್ಲೇ. ಕಾಯಬಹುದಾದ ಚಿಕಿತ್ಸೆಗಳೆಲ್ಲ ಊರಿಗೆ ಬಂದ ಮೇಲೆ. ನನ್ನ ಕಣ್ಣಿನ ಪೊರೆಯ ಆಪರೇಷನ್ ಹುತ್ತರಿ ಹಬ್ಬ ಕಳೆದ ಮೇಲೆ ಮೈಸೂರಿನಲ್ಲಿ.