ಒಂದು ಸೀರೆ, ಎರಡು ಲುಂಗಿ, ಒಂದು ಕೌದಿ

ಒಬ್ಬರು ಹೊದೆಯುವ ಕೌದಿಗೆ ಒಂದು ಹಳೇ ಕಾಟನ್ ಸೀರೆ, ಎರಡು ಲುಂಗಿ ಸಾಕು. ಐದೂವರೆ ಮೀಟರ್ ಸೀರೆಯಲ್ಲಿ 80 ಇಂಚಿನ ಎರಡು ತುಂಡು ಕತ್ತರಿಸಿದರೆ ಮೇಲ್ಮೈ, ಕೆಳಮೈ ಎರಡೂ ಸಿಗುತ್ತವೆ. ಉಳಿಯುವ ಸುಮಾರು 55 ಇಂಚು ಅಂಚಿನ ಪಟ್ಟಿಗೆ, ತೇಪೆಗೆ. ಲುಂಗಿಗಳ ಹೊಲಿಗೆ ಬಿಚ್ಚಿ ಒಳಪದರ ಮಾಡಿ. ದಾವಣಗೆರೆ ಸೆಕೆಗೆ ಈ ನಾಲ್ಕು ಪದರವೇ ಧಾರಾಳ. ಬೆಚ್ಚಗಿರಲಿ ಅಂತ ಏಳೆಂಟು ಪದರ ತುಂಬಿದರೆ ಸೂಜಿ ಇಳಿಯಲ್ಲ, ಒಗೆದ ಮೇಲೆ ಹಿಂಡೋಕೂ ಆಗಲ್ಲ.

ಕತ್ತರಿ ಹಾಕುವ ಮುಂಚೆ ಬಟ್ಟೆ ಪರೀಕ್ಷೆ ಮಾಡಿ. ಅಂಚಿನಿಂದ ಒಂದೆಳೆ ಕಿತ್ತು ಸುಡಿ: ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಬೆವರು ಹೀರಲ್ಲ, ಹೊಲಿಯುವಾಗ ಜಾರುತ್ತೆ, ಕೌದಿಗೆ ಬೇಡ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡೂ ಕೈಯಲ್ಲಿ ಎಳೆಯಿರಿ. ಪರ್ ಅಂದರೆ ಆ ಜಾಗವನ್ನು ಒಳಪದರಕ್ಕೂ ಹಾಕಬೇಡಿ, ಎರಡು ಒಗೆತಕ್ಕೆ ಉಂಡೆಗಟ್ಟುತ್ತೆ. ಟೈಲರ್ ಅಂಗಡಿಯಿಂದ ತಂದ ಹೊಸ ತುಂಡುಗಳನ್ನು ಬಿಸಿನೀರಲ್ಲಿ ಒಗೆದೇ ಬಳಸಿ. ಹಳೇ ಬಟ್ಟೆ ಕುಗ್ಗಿ ಮುಗಿದಿರುತ್ತೆ, ಹೊಸದು ಆಮೇಲೆ ಕುಗ್ಗಿ ಸುತ್ತಲಿನ ಹೊಲಿಗೆಯನ್ನೆಲ್ಲ ಸುಕ್ಕು ಮಾಡುತ್ತೆ. ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನೋ ಮಾತನ್ನು ನಂಬಿ ಕೂರಬೇಡಿ.

ಗುಡಿಸಿ ಒರೆಸಿದ ನೆಲದ ಮೇಲೆ ಕೆಳಮೈ ಹಾಸಿ, ಅದರ ಮೇಲೆ ಲುಂಗಿಗಳು, ಕೊನೆಗೆ ಮೇಲ್ಮೈ. ಒಂದೊಂದು ಪದರ ಹಾಸಿದಾಗಲೂ ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ ಸುಕ್ಕು ತೆಗೆಯಿರಿ. ಮೂಲೆಗಳಿಗೆ ಭಾರ ಇಟ್ಟು, ಎಲ್ಲ ಅಂಚನ್ನೂ ಸಮ ಕತ್ತರಿಸಿ.

ಬೇಸರ ಅಂತ ಬಹಳ ಜನ ಬಿಡುವ ಕೆಲಸ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಹಾಕಿ ಕೊನೆಗೆ ಕಿತ್ತುಹಾಕುವ ಹೊಲಿಗೆ. ಕೌದಿ ಕೆಡೋದೇ ಇಲ್ಲಿ. ನಡುವಿನಿಂದ ಶುರು ಮಾಡಿ, ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ಹೊಲಿಗೆ ಹಾಕಿ. ಇದಿಲ್ಲದಿದ್ದರೆ ಒಳಗಿನ ಲುಂಗಿ ಸರಿದು ಒಂದು ಕಡೆ ಗುಡ್ಡೆಯಾಗುತ್ತೆ, ಇನ್ನೊಂದು ಕಡೆ ಬರಿದಾಗುತ್ತೆ.

ಆಮೇಲೆ ದಪ್ಪ ಹತ್ತಿ ದಾರ, ಅಗಲ ಕಣ್ಣಿನ ಸೂಜಿ ತಗೊಂಡು ಸಾದಾ ಹೊಲಿಗೆ. ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಸಿಕ್ಕುಗಟ್ಟುತ್ತೆ. ಒಂದು ಹೊಲಿಗೆ ಕಾಲು ಇಂಚು, ಸಾಲಿನಿಂದ ಸಾಲಿಗೆ ಒಂದು ಇಂಚು. ಗಂಟನ್ನು ಹಗುರವಾಗಿ ಎಳೆದು ಪದರಗಳ ನಡುವೆ ಅಡಗಿಸಿ. ಮೇಲೆ ಬಿಟ್ಟರೆ ಒಗೆಯುವಾಗ ಕಿತ್ತು ಬರುತ್ತೆ. ದಾರ ಬಿಗಿಯಾಗಿ ಎಳೆಯಬೇಡಿ: ಸಾಲು ಮುಗಿದಾಗ ಬಟ್ಟೆ ನೆಲಕ್ಕೆ ಚಪ್ಪಟೆಯಾಗಿ ಕೂತಿರಬೇಕು. ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವ ಪದ್ಧತಿಯೂ ಇದೆ, ನೋಡೋಕೆ ಚೆಂದ. ಆದರೆ ಕೈ ಪಳಗಿರದಿದ್ದರೆ ಬಟ್ಟೆಯೆಲ್ಲ ನಡುವೆ ಉಬ್ಬಿ ನಿಲ್ಲುತ್ತೆ. ಹೊಸಬರಿಗೆ ನಡುವಿನಿಂದ ಹೊರಕ್ಕೆ ನೇರ ಸಾಲೇ ವಾಸಿ. ಮಿಷಿನ್‌ನಲ್ಲಿ ಹೊಲಿಯುವವರು 16 ಅಥವಾ 18 ನಂಬರ್ ಸೂಜಿ ಹಾಕಿ, ಕಚ್ಚಾ ಹೊಲಿಗೆಯನ್ನು ಇನ್ನೂ ಹತ್ತಿರ ಹಾಕಿಕೊಳ್ಳಿ. ಮಿಷಿನ್‌ನ ಪಾದ ಮೇಲ್ಪದರವನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತೆ.

ಉಳಿದ ಸೀರೆಯಲ್ಲಿ ಆ 55 ಇಂಚಿನ ಉದ್ದಕ್ಕೇ ನಾಲ್ಕು ಇಂಚು ಅಗಲದ ಐದು ಪಟ್ಟಿ ಕತ್ತರಿಸಿ ಜೋಡಿಸಿದರೆ ಸುತ್ತಂಚಿಗೆ ಸರಿಹೋಗುತ್ತೆ. ಪಟ್ಟಿಯ ಎರಡೂ ಬದಿ ಅರ್ಧ ಇಂಚು ಮಡಚಿ, ಕೌದಿಯ ಅಂಚನ್ನು ಅದರೊಳಗಿಟ್ಟು ಹೊಲಿಯಿರಿ. ಕಚ್ಚಾ ದಾರ ಕೀಳೋದು ಇದಾದ ಮೇಲೆ.

ಮೊಳಕಾಲ್ಮೂರು ರೇಷ್ಮೆ ಸೀರೆ ಹಳತಾಗಿದ್ದರೆ ಅದನ್ನು ಕೌದಿಗೆ ಹಾಕಬೇಡಿ, ಜರಿ ಚುಚ್ಚುತ್ತೆ. ರೇಷ್ಮೆ ಮೊದಲು ಸೀಳೋದು ಮಡಿಕೆಯಲ್ಲಿ. ಆ ಭಾಗ ಬಿಟ್ಟು, ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ದಿಂಬಿನ ಕವರ್ ಮಾಡಿ.

ಒಗೆದ ಕೌದಿಯನ್ನು ಒಂದೇ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ದಾರ ಕಡಿಯುತ್ತೆ. ಎರಡು ತಂತಿಯ ಮೇಲೆ ಹರವಿ, ಅಥವಾ ತಾರಸಿ ಗೋಡೆ ಮೇಲೆ ಹಾಕಿ. ಮುಂದೆ ಎಲ್ಲಾದರೂ ಸವೆದರೆ ಹಳೇ ಪದರ ಬಿಚ್ಚಬೇಡಿ, ಮೇಲೆ ಒಂದು ತೇಪೆ ಇಟ್ಟು ನಾಲ್ಕೂ ಪದರ ಸೇರಿಸಿ ಹೊಲಿಯಿರಿ.