ಹಳೇ ಪ್ಲಗ್ ಬಿಸಾಡುವ ಮೊದಲು ಅದರ ಮೂತಿ ನೋಡಿ

ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಹೊಸ ಸ್ಪಾರ್ಕ್ ಪ್ಲಗ್ (ಇಂಜಿನ್ ಒಳಗೆ ಕಿಡಿ ಹಾರಿಸುವ ಭಾಗ) ಹಾಕಿ ಹಳೆಯದನ್ನು ಮೂಲೆಗೆ ಎಸೆಯುತ್ತಾನೆ. ನಾವೂ ದುಡ್ಡು ಕೊಟ್ಟು ಸುಮ್ನೆ ಗಾಡಿ ಹತ್ತಿ ಬರುತ್ತೇವೆ. ಮುಂದಿನ ಸಲ ಆ ಹಳೇ ಪ್ಲಗ್ ಇಸ್ಕೊಳ್ಳಿ. ಇಂಜಿನ್ ಬಿಚ್ಚದೆ ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಗಳಿಗೆ: ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ, ಹಳೇ ಸ್ಪ್ಲೆಂಡರ್, ಇಂಥವಕ್ಕೆ. 2020ರಲ್ಲಿ ಬಂದ ಬಿಎಸ್6 ಬೈಕುಗಳಲ್ಲಿ ಬಹುತೇಕ ಕಡೆ ಸೈಲೆನ್ಸರ್‌ನಲ್ಲಿರುವ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಪೆಟ್ರೋಲ್ ಅಳೆದು ಬಿಡುತ್ತದೆ, ಹಾಗಾಗಿ ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ವಿಷಯದಲ್ಲಿ ಪ್ಲಗ್ ಜಾಸ್ತಿ ಏನೂ ಹೇಳುವುದಿಲ್ಲ. ಆದರೆ ಆಯಿಲ್ ಮೇಲೇರುತ್ತಿದ್ದರೆ ಅದರಲ್ಲೂ ಗೊತ್ತಾಗುತ್ತದೆ.

ಮೊದಲು ಒಂದು ಮಾತು. ಪ್ಲಗ್ ಮೇಲಿನ ಬಣ್ಣ ತುಂಬಾ ದಿನದ ಕಥೆಯಲ್ಲ, ಹೆಚ್ಚಾಗಿ ಕೊನೆಯಲ್ಲಿ ಇಂಜಿನ್ ಹೇಗೆ ಓಡಿತು ಅನ್ನುವುದರ ಗುರುತು. ಟ್ರಾಫಿಕ್‌ನಲ್ಲಿ ತೆವಳಿಕೊಂಡು ಬಂದು, ಮನೆ ಮುಂದೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಪ್ಲಗ್ ಬಿಚ್ಚಿ ‘ಅಯ್ಯೋ ಕಪ್ಪಾಗಿದೆ’ ಅಂದರೆ ಅರ್ಥವಿಲ್ಲ. ಐಡಲ್‌ನಲ್ಲಿ ಯಾವ ಪ್ಲಗ್ಗಾದರೂ ಕಪ್ಪಡರುತ್ತದೆ. ಪಿಂಗಾಣಿಯ ಮೂತಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ಮಸಿ ತಾನಾಗೇ ಸುಟ್ಟು ಹೋಗುವುದು. ಅದಕ್ಕೇ ಒಂದಷ್ಟು ದೂರ ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ, ಎಳೆಯುತ್ತಿರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಹಾಗೇ ಉರುಳಿಸಿಕೊಂಡು ರಸ್ತೆ ಬದಿಗೆ ಬಂದು ನಿಲ್ಲಿ. ಹಿಂದೆ ಲಾರಿ ಬಸ್ ಇಲ್ಲದ ಜಾಗ ನೋಡಿಕೊಂಡು ಮಾತ್ರ.

ಆರಲು ಬಿಡಿ. ಬಿಸಿ ಹೆಡ್‌ನಿಂದ ಪ್ಲಗ್ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡು ಬರಬಹುದು. ವೈರ್ ಹಿಡಿದು ಜಗ್ಗಬೇಡಿ, ಕ್ಯಾಪ್ ಹಿಡಿದು ಎಳೆಯಿರಿ. ಪ್ಲಗ್ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದು ಊದಿ, ಇಲ್ಲದಿದ್ದರೆ ಅದು ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಕಾರಾದರೆ ಯಾವ ಪ್ಲಗ್ ಯಾವ ಸಿಲಿಂಡರ್‌ನದು ಅಂತ ಸಾಲಾಗಿ ಇಟ್ಟುಕೊಳ್ಳಿ. ನಾಲ್ಕರಲ್ಲಿ ಮೂರು ಒಂದೇ ತರ ಇದ್ದು ಒಂದು ಬೇರೆ ಇದ್ದರೆ ತಕರಾರು ಆ ಒಂದರಲ್ಲೇ.

ಈಗ ಬಿಸಿಲಿಗೆ ಹಿಡಿದು ನೋಡಿ. ನಡುವಿನ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದು, ಎಲೆಕ್ಟ್ರೋಡ್ (ಕಿಡಿ ಹಾರುವ ಲೋಹದ ತುದಿ) ಅಂಚು ಚೂಪಾಗಿದ್ದರೆ ಯೋಚನೆ ಬೇಡ.

ಒಣ ಕಪ್ಪು, ಬೆರಳಿಗೆ ಮಸಿ ಹತ್ತುತ್ತದೆ, ಉಜ್ಜಿದರೆ ಹೋಗುತ್ತದೆ ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಕಾರ್ಬೊರೇಟರ್‌ಗೆ ಕೈ ಹಾಕುವ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಎಷ್ಟೋ ಸಲ ಅದೇ ಕಟ್ಟಿಕೊಂಡಿರುತ್ತದೆ. ಚೋಕ್ ಪೂರ್ತಿ ವಾಪಸ್ ಹೋಗುತ್ತಿದೆಯಾ ನೋಡಿ. ಕಾರ್ಬೊರೇಟರ್ ಒಳಗಿನ ಫ್ಲೋಟ್ ಲೆವೆಲ್ (ಪೆಟ್ರೋಲ್ ಮಟ್ಟ), ಜೆಟ್ (ಪೆಟ್ರೋಲ್ ಹಾದು ಬರುವ ಸಣ್ಣ ತೂತು) ಎಲ್ಲ ಆಮೇಲೆ. ಕಿಡಿಯೇ ದುರ್ಬಲವಾಗಿದ್ದರೂ ಹೀಗೇ ಕಾಣುತ್ತದೆ, ಅದನ್ನೂ ಮರೆಯಬೇಡಿ.

ಒದ್ದೆ ಕಪ್ಪಿನ ಕಥೆ ಬೇರೆ. ಪೆಟ್ರೋಲ್ ಒದ್ದೆಯಾದರೆ ವಾಸನೆ ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ; ಕಿಡಿ ಬರುತ್ತಿಲ್ಲ ಅಥವಾ ಓವರ್‌ಫ್ಲೋ ಆಗಿದೆ ಅಷ್ಟೇ. ಆರದೆ ಜಿಗುಟಾಗಿ, ಹೊಳೆಯುತ್ತಾ ಬೆರಳಿಗೆ ಅಂಟಿದರೆ ಅದು ಆಯಿಲ್. ಟೂ ಸ್ಟ್ರೋಕ್‌ನಲ್ಲಿ ಇದಕ್ಕೆ ಗಾಬರಿ ಬೇಡ, ಆಯಿಲ್ ಉರಿಯುವುದೇ ಅದರ ಕಸುಬು. ಆಯಿಲ್ ಪಂಪ್ ಸೆಟ್ಟಿಂಗ್ ಅಥವಾ ನೀವು ಹಾಕುವ ಟೂಟಿ (ಪೆಟ್ರೋಲ್‌ಗೆ ಬೆರೆಸುವ ಆಯಿಲ್) ಅಳತೆ ನೋಡಿಕೊಳ್ಳಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಮಾತ್ರ ಇದು ಖರ್ಚಿನ ಸೂಚನೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಒಂದು ಗುಕ್ಕು ನೀಲಿ ಹೊಗೆ ಬಂದು ಆಮೇಲೆ ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ಥ್ರಾಟಲ್ ಕೊಟ್ಟಾಗಲೆಲ್ಲ ಹೊಗೆ ಬಂದು, ಪಿಕಪ್ಪೂ ಬಿದ್ದಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಮೇಲೆ. ಖಚಿತ ಮಾಡಿಕೊಳ್ಳಲು ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ (ಸಿಲಿಂಡರ್ ಒತ್ತಡ ಅಳೆಯುವ ಮೀಟರ್) ಇಟ್ಟು ಕಿಕ್ ಹೊಡೆದು ನೋಡಿಕೊಳ್ಳಿ, ಆಮೇಲೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಹಾಗೇ ಮಾಡಿ. ಮೊದಲಿಗಿಂತ ಗೇಜ್ ಚೆನ್ನಾಗಿ ಮೇಲೆ ಹೋದರೆ ರಿಂಗ್ ಸವೆದಿದೆ ಎಂದು ಅರ್ಥ, ಏಕೆಂದರೆ ಹಾಕಿದ ಆಯಿಲ್ಲೇ ಆ ಸಂದು ಮುಚ್ಚಿದೆ. ಇಷ್ಟು ನೋಡದೆ ‘ಬೋರ್ ಮಾಡಿಸಿ’ ಅನ್ನುವವರ ಮಾತು ಕೇಳಬೇಡಿ.

ಜನ ಹೆಚ್ಚು ಎಡವುವುದು ಬಿಳಿ ಬಣ್ಣದಲ್ಲಿ. ‘ಕಾಫಿ ಬಣ್ಣ ಬರಲೇಬೇಕು’ ಅನ್ನುವ ಹಳೇ ಮೇಸ್ತ್ರಿಗಳ ಲೆಕ್ಕ ಸೀಸದ ಪೆಟ್ರೋಲ್ ಕಾಲದ್ದು. ನಮ್ಮಲ್ಲಿ 2000ದಲ್ಲೇ ಸೀಸ ಹೋಯಿತು. ಈಗಿನ ಪೆಟ್ರೋಲ್‌ನಲ್ಲಿ ಸರಿಯಾಗಿರುವ ಪ್ಲಗ್ಗೂ ಬಿಳುಚಿಕೊಂಡೇ ಕಾಣುತ್ತದೆ. ಆ ಕಾಫಿ ಬಣ್ಣಕ್ಕಾಗಿ ಜೆಟ್ ದೊಡ್ಡದು ಮಾಡಿ ಮೈಲೇಜ್ ಕಳೆದುಕೊಳ್ಳುವವರು ಇದ್ದಾರೆ. ಹಾಗೆ ಮಾಡದೆ, ಟಾರ್ಚ್ ಮತ್ತು ಭೂತಕನ್ನಡಿ ಹಿಡಿದು ಪಿಂಗಾಣಿಯ ಬುಡ ನೋಡಿ, ಅಂದರೆ ಅದು ಲೋಹದೊಳಗೆ ಇಳಿಯುವ ಆಳದ ಜಾಗ. ಚೆನ್ನಾಗಿ ಎಳೆಸಿ ಆಫ್ ಮಾಡಿದ ಪ್ಲಗ್‌ನಲ್ಲಿ ಅಲ್ಲಿ ಸಣ್ಣ ಮಸಿ ಉಂಗುರ ಇದ್ದರೆ ಮಿಕ್ಸ್ಚರ್ ಸರಿ ಇದೆ. ಉಂಗುರವೇ ಇಲ್ಲದೆ ಬುಡದವರೆಗೆ ಸುಣ್ಣದ ಬಿಳಿ ಇದ್ದು, ಮೇಲ್ಮೈಯಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ, ಎಲೆಕ್ಟ್ರೋಡ್ ಅಂಚು ಕರಗಿದ್ದರೆ ಅದು ನಿಜವಾದ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಇಲ್ಲವೇ ಕಿಡಿಯ ಟೈಮಿಂಗ್ ಮುಂದೆ ಹೋಗಿ ಇಂಜಿನ್ ಕಾಯುತ್ತಿದೆ. ಕಾರ್ಬೊರೇಟರ್‌ಗೂ ಹೆಡ್‌ಗೂ ನಡುವಿನ ರಬ್ಬರ್ ಬಗ್ಗಿಸಿ ಬಿರುಕು ಹುಡುಕಿ, ಮೇನ್ ಜೆಟ್ ಕಟ್ಟಿದೆಯಾ, ಪೆಟ್ರೋಲ್ ಟ್ಯಾಪ್‌ನಿಂದ ಸರಾಗವಾಗಿ ಬೀಳುತ್ತಿದೆಯಾ ನೋಡಿ. ಟೂ ಸ್ಟ್ರೋಕ್‌ಗಳಲ್ಲಿ ಕ್ರ್ಯಾಂಕ್ ಸೀಲ್ ಹೋದರೂ ಗಾಳಿ ಒಳಗೆಳೆಯುತ್ತದೆ. ಹೀಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಹಳೇ ಗಾಡಿಗಳಿಗೆ ಇದು ಇನ್ನೂ ಮುಖ್ಯ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಕ್ಸ್ಚರ್ ಸ್ವಲ್ಪ ಲೀನ್ ಕಡೆಗೇ ಸರಿಯುತ್ತದೆ.

ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ, ನಡುನಡುವೆ ಮಿನುಗುವ ಲೋಹದ ಕಣ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ಇಂಜಿನ್ ನಾಕ್ ಹೊಡೆಯುತ್ತಿದೆ (ಮಿಕ್ಸ್ಚರ್ ಸಮನಾಗಿ ಉರಿಯದೆ ಒಳಗೆ ಸಿಡಿಯುತ್ತಿದೆ), ಆ ಕಣಗಳು ನಿಮ್ಮ ಪಿಸ್ಟನ್‌ನದು.

ಹೊರಗಡೆ, ಪಿಂಗಾಣಿ ಲೋಹಕ್ಕೆ ಸೇರುವಲ್ಲಿ ಕಂದು ಕಲೆ ಇದ್ದರೆ ‘ಪ್ಲಗ್ ಲೀಕ್’ ಅಂತ ಕೆಲವರು ಹೆದರಿಸುತ್ತಾರೆ. ಅದು ಹೈ ವೋಲ್ಟೇಜ್‌ಗೆ ಗಾಳಿಯ ಎಣ್ಣೆಕಣ ಅಂಟಿ ಆಗುವ ಕಲೆ, ಅದರಿಂದ ಏನೂ ತೊಂದರೆಯಿಲ್ಲ.

ಎಲ್ಲ ಸರಿ ಇದ್ದೂ ಪ್ಲಗ್ ಪದೇಪದೇ ಕಪ್ಪಾದರೆ ಅಥವಾ ಬೆಂದರೆ ಅದರ ನಂಬರ್ ನೋಡಿ. ಎನ್‌ಜಿಕೆ ಕಂಪನಿಯ ಪ್ಲಗ್ಗಾದರೆ ನಂಬರ್ ಜಾಸ್ತಿಯಾದಷ್ಟೂ ಪ್ಲಗ್ ‘ತಂಪು’, ಅಂದರೆ ಮೂತಿಯ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. ಬೆಂಗಳೂರಿನಲ್ಲಿ ನಾವು ಮೈಕೋ ಅಂತ ಕರೆಯುತ್ತಿದ್ದ ಬಾಷ್‌ನಲ್ಲಿ ಇದು ಉಲ್ಟಾ, ನಂಬರ್ ಜಾಸ್ತಿಯಾದರೆ ‘ಬಿಸಿ’. ಅಂಗಡಿಯವರು ‘ಇದೂ ಕೂರುತ್ತೆ ಬಿಡಿ’ ಅಂತ ಕೊಟ್ಟದ್ದನ್ನು ಹಾಗೇ ತರಬೇಡಿ. ಥ್ರೆಡ್ ಉದ್ದವೂ ಒಂದೇ ಇರಬೇಕು. 12.7 ಮಿಮೀ ಇರಬೇಕಾದ ಕಡೆ 19 ಮಿಮೀದು ಹಾಕಿದರೆ ಪಿಸ್ಟನ್ ಬಂದು ಗುದ್ದಬಹುದು.

ವಾಪಸ್ ಹಾಕುವಾಗ ಫೀಲರ್ ಗೇಜ್‌ನಿಂದ ಗ್ಯಾಪ್ (ಎಲೆಕ್ಟ್ರೋಡ್‌ಗಳ ನಡುವಿನ ಸಂದು) ನೋಡಿ. ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲೇ ಇರುತ್ತದೆ. ಇರಿಡಿಯಂ ಪ್ಲಗ್ಗಾದರೆ ಉಜ್ಜಲೂ ಬೇಡಿ, ಬಗ್ಗಿಸಲೂ ಬೇಡಿ. ಕೈಯಿಂದಲೇ ಪೂರ್ತಿ ತಿರುಗಿಸಿ, ಕೂತ ಮೇಲೆ ವಾಷರ್ ಇರುವ ಹೊಸ ಪ್ಲಗ್‌ಗೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಾಕು. ಹಳೆಯದನ್ನೇ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿ ಮಾಡಿದರೆ ಆಯಿತು.